ಕಷ್ಟದ ಇಂಗ್ಲಿಷ್ ಪದಗಳು ತಲೆಯಲ್ಲಿ ನಿಲ್ಲಬೇಕೇ? ಪಟ್ಟಿ ಪಕ್ಕಕ್ಕಿಡಿ, ಹೀಗೆ ಮಾಡಿ

"ಸರ್, ಒಂದು ಒಳ್ಳೇ ವರ್ಡ್ ಲಿಸ್ಟ್ ಇದ್ದರೆ ಕಳಿಸಿ." ಮುಂಬಯಿಯ ಮಾಟುಂಗಾದಲ್ಲಿ ಸಿಕ್ಕವರೂ ಇದನ್ನೇ ಕೇಳುತ್ತಾರೆ, ಡೊಂಬಿವಲಿಯಲ್ಲಿ ಸಿಕ್ಕವರೂ ಇದನ್ನೇ ಕೇಳುತ್ತಾರೆ, ಪುಣೆಯಿಂದ ಮೆಸೇಜ್ ಮಾಡುವ ಐಟಿ ಹುಡುಗರಂತೂ ಪಿಡಿಎಫ್ ಇದ್ದರೆ ಸಾಕು ಅನ್ನುತ್ತಾರೆ. ಕೆಲವರಿಗೆ ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಇದೆ, ಕೆಲವರಿಗೆ ಬ್ಯಾಂಕ್ ಪರೀಕ್ಷೆ, ಇನ್ನು ಕೆಲವರಿಗೆ ಆಫೀಸಿನ ಮೀಟಿಂಗಿನಲ್ಲಿ ಬಾಯಿ ಬಿಡುವ ಧೈರ್ಯ ಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಪಟ್ಟಿ ಮಾತ್ರ ಕೊಡುವುದಿಲ್ಲ. ಅದರ ಕೊರತೆ ಯಾರಿಗೂ ಇಲ್ಲ, ಅಲ್ವಾ? ನಿಮ್ಮ ಫೋನಿನಲ್ಲೇ ನಾಲ್ಕೈದು ಬಿದ್ದಿರುತ್ತವೆ. ಎಡವಟ್ಟಾಗುವುದು ನಾವು ಪದ ಬರೆದುಕೊಳ್ಳುವ ರೀತಿಯಲ್ಲಿ. ನೋಟ್‌ಬುಕ್ಕಿನ ನಡುವೆ ಒಂದು ಗೆರೆ, ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ, ಒಂದಕ್ಕೆ ಒಂದು. ನಾನೂ ಅಂಥ ಮೂರು ನೋಟ್‌ಬುಕ್ ತುಂಬಿಸಿದವನೇ. ಅದರಲ್ಲಿದ್ದ ಪದ ಪತ್ರಿಕೆಯಲ್ಲಿ ಕಂಡಾಗ "ಇದನ್ನು ಎಲ್ಲೋ ಬರೆದಿದ್ದೆ" ಅನ್ನುವುದಷ್ಟೇ ನೆನಪಾಗುತ್ತಿತ್ತು.

ಒಂದಕ್ಕೆ ಒಂದು ಅನ್ನುವ ಈ ಲೆಕ್ಕ ಯಾಕೆ ನಡೆಯುವುದಿಲ್ಲ ಅನ್ನುವುದು ಮುಂಬಯಿ, ಪುಣೆ ಕಡೆಯ ಕನ್ನಡಿಗರಿಗೆ ಬೇಗ ಅರ್ಥವಾಗಬೇಕು. "ಅವಸರ" ಅಂದರೆ ನಮಗೆ ಗಡಿಬಿಡಿ, ಹಿಂದಿಯವರಿಗೆ ಅವಕಾಶ. "ಉಪನ್ಯಾಸ" ನಮಗೆ ಭಾಷಣ, ಅವರಿಗೆ ಕಾದಂಬರಿ. "ಶಿಕ್ಷಾ" ಅಂದರೆ ಹಿಂದಿಯಲ್ಲಿ ವಿದ್ಯೆ, ಮರಾಠಿಯಲ್ಲಿ ದಂಡನೆ. ಇದನ್ನೆಲ್ಲ ನೀವು ಯಾವ ಪಟ್ಟಿಯಿಂದ ಕಲಿತಿರಿ? ಯಾರು, ಯಾವಾಗ, ಯಾವ ಮಾತಿನ ನಡುವೆ ಅಂದರು ಅನ್ನುವುದರಿಂದ ಕಲಿತಿರಿ. ಇಂಗ್ಲಿಷಿಗೂ ಅದೇ ದಾರಿ, ಸ್ವಲ್ಪ ಶಿಸ್ತಿನಿಂದ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಪೋಸ್ಟ್‌ಕಾರ್ಡಿನ ಅರ್ಧ ಅಳತೆಗೆ ಕತ್ತರಿಸಿದ ದಪ್ಪ ಕಾಗದ, ಒಂದು ಖಾಲಿ ಮಿಠಾಯಿ ಡಬ್ಬ, ದಿನಕ್ಕೆ ಅರ್ಧ ಗಂಟೆ. ಡೊಂಬಿವಲಿ ಕಡೆಯಿಂದ ಸಿಎಸ್‌ಟಿ (ಈಗಿನ ಹೆಸರು ಸಿಎಸ್‌ಎಂಟಿ) ಸ್ಟೇಷನ್ನಿಗೆ ಲೋಕಲ್‌ನಲ್ಲಿ ಹೋಗುವವರಿಗೆ ಹೋಗುತ್ತಾ ಒಂದು ಗಂಟೆ, ಬರುತ್ತಾ ಒಂದು ಗಂಟೆ ಹೇಗೂ ಕಳೆಯುತ್ತದೆ. ಸೀಟು ಸಿಗದಿದ್ದರೂ ಕಾರ್ಡ್ ತಿರುವಿ ಹಾಕಲು ಒಂದು ಕೈ ಸಾಕು.

ಮತ್ತೆ ಒಂದು ನಿಘಂಟು. ಇಲ್ಲಿ ಸ್ವಲ್ಪ ನಿಲ್ಲಿ. ಸಾಮಾನ್ಯ ಇಂಗ್ಲಿಷ್ ನಿಘಂಟು ಬೇರೆ, ಕಲಿಯುವವರಿಗಾಗಿ ಮಾಡಿದ ಲರ್ನರ್ಸ್ ಡಿಕ್ಷನರಿ ಬೇರೆ. ಮೊದಲನೆಯದರಲ್ಲಿ ಒಂದು ಕಷ್ಟದ ಪದಕ್ಕೆ ಮೂರು ಕಷ್ಟದ ಪದಗಳ ಅರ್ಥ ಕೊಟ್ಟಿರುತ್ತಾರೆ, ನೀವು ಪುಟ ತಿರುಗಿಸುತ್ತಾ ಸುತ್ತುತ್ತೀರಿ. ಲರ್ನರ್ಸ್ ಡಿಕ್ಷನರಿಯಲ್ಲಿ ಎರಡು ಮೂರು ಸಾವಿರ ಸುಲಭ ಪದಗಳ ಒಳಗೇ ಎಲ್ಲ ವಿವರಣೆ ಮುಗಿಸಬೇಕೆಂಬ ಕಟ್ಟುಪಾಡು ಇರುತ್ತದೆ, ಹೆಚ್ಚಿನ ಪದಗಳಿಗೆ ಉದಾಹರಣೆ ವಾಕ್ಯ ಇರುತ್ತದೆ. ಆಕ್ಸ್‌ಫರ್ಡ್‌ನವರ ಅಡ್ವಾನ್ಸ್‌ಡ್ ಲರ್ನರ್ಸ್ 1948ರಿಂದ ಬರುತ್ತಿದೆ. ಲಾಂಗ್‌ಮನ್, ಕೇಂಬ್ರಿಜ್ ಕೂಡ ಅದೇ ಬಗೆಯವು. ಮೂರನ್ನೂ ಇಂಟರ್ನೆಟ್‌ನಲ್ಲಿ ದುಡ್ಡಿಲ್ಲದೆ ನೋಡಬಹುದು. ಪುಸ್ತಕವೇ ಬೇಕು ಅನ್ನುವವರಿಗೆ ಪುಣೆಯಲ್ಲಿ ಅಪ್ಪಾ ಬಳವಂತ ಚೌಕ ಇದೆ, ಮುಂಬಯಿಯಲ್ಲಿ ಫ್ಲೋರಾ ಫೌಂಟನ್ ಹತ್ತಿರದ ಫುಟ್‌ಪಾತ್ ಇದೆ. ನಿಘಂಟು ಹತ್ತು ವರ್ಷ ಹಳೆಯದಾದರೂ ಪರವಾಗಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಮನೆಯಲ್ಲಿದ್ದರೆ ಅದನ್ನೂ ಇಟ್ಟುಕೊಳ್ಳಿ, ಆದರೆ ಎರಡನೆಯದಾಗಿ ತೆರೆಯಿರಿ, ಮೊದಲು ಅಲ್ಲ. ಕಾರಣ ಮೂರನೇ ಹಂತದಲ್ಲಿದೆ.

1. ಯಾವ ಪದ ಬೇಕು ಅಂತ ಮೊದಲು ತೀರ್ಮಾನಿಸಿ

"ಅಡ್ವಾನ್ಸ್‌ಡ್" ಅಂದಕೂಡಲೇ ಜನ ಯಾರೂ ಬಳಸದ ಪದಗಳ ಹಿಂದೆ ಬೀಳುತ್ತಾರೆ. ಮಾರುದ್ದದ ಒಂದು ಪದ ಕಲಿತು ಗೆಳೆಯರನ್ನು ಬೆರಗುಗೊಳಿಸಬಹುದು, ಅಷ್ಟೇ. ನಿಮಗೆ ಬೇಕಾಗಿರುವುದು ನಡುವಿನ ಪದರ: ಸಣ್ಣ ಮಕ್ಕಳ ಇಂಗ್ಲಿಷಿಗಿಂತ ಮೇಲಿನದು, ಆದರೆ ಪತ್ರಿಕೆಯಲ್ಲಿ, ರಿಪೋರ್ಟಿನಲ್ಲಿ, ಬ್ಯಾಂಕಿನ ಕಾಗದದಲ್ಲಿ ಮತ್ತೆ ಮತ್ತೆ ಎದುರಾಗುವುದು.

ಇದಕ್ಕೆ ಒಂದು ಗಟ್ಟಿ ಆಧಾರ ಇದೆ. 1953ರಲ್ಲಿ ಮೈಕೇಲ್ ವೆಸ್ಟ್ ಎಂಬವರು ತೀರಾ ಬಳಕೆಯ ಸುಮಾರು 2,000 ಇಂಗ್ಲಿಷ್ ಪದಗಳನ್ನು ಒಟ್ಟುಮಾಡಿದರು. ಅವನ್ನು ಬಿಟ್ಟು, ಕಾಲೇಜು ಮಟ್ಟದ ಬರಹಗಳಲ್ಲಿ ಎಲ್ಲ ವಿಷಯಗಳಲ್ಲೂ ಬರುವ ಪದಗಳು ಯಾವುವು ಅಂತ ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಹುಡುಕಿ 2000ದಲ್ಲಿ 570 ಪದಕುಟುಂಬಗಳ ಅಕಾಡೆಮಿಕ್ ವರ್ಡ್ ಲಿಸ್ಟ್ ಪ್ರಕಟಿಸಿದರು. ಪದಕುಟುಂಬ ಅಂದರೆ ಡಿಸೈಡ್, ಡಿಸಿಷನ್, ಡಿಸೈಸಿವ್, ಇನ್‌ಡಿಸೈಸಿವ್ ಎಲ್ಲ ಸೇರಿ ಒಂದು. ಅಲ್ಲಿಯವರೇ ಆದ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಯಾರ ಸಹಾಯವೂ ಇಲ್ಲದೆ ಕಾದಂಬರಿ, ಪತ್ರಿಕೆ ಓದಲು ಎಂಟು ಒಂಬತ್ತು ಸಾವಿರ ಪದಕುಟುಂಬಗಳು ಬೇಕು.

ಹೆದರಬೇಡಿ. ಇಲ್ಲಿ ಡಿಗ್ರಿ ಮುಗಿಸಿದ ಯಾರಿಗೂ ಸೊನ್ನೆಯಿಂದ ಶುರು ಮಾಡುವ ಅಗತ್ಯ ಇಲ್ಲ. ಆ 570ರ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿ. (ಪಟ್ಟಿ ಬೇಡ ಅಂದವನೇ ಪಟ್ಟಿ ನೋಡಿ ಅನ್ನುತ್ತಿದ್ದೇನೆ, ಗೊತ್ತು. ಇದು ಬಾಯಿಪಾಠಕ್ಕಲ್ಲ, ಎಲ್ಲಿ ತೂತಿದೆ ಅಂತ ನೋಡಿಕೊಳ್ಳಲು.) ಗೊತ್ತು, ಗೊತ್ತಿಲ್ಲ, ಗೊತ್ತಿರುವ ಹಾಗಿದೆ ಅಂತ ಮೂರು ಗುರುತು ಹಾಕಿ. ಮೂರನೆಯ ಗುಂಪು ದೊಡ್ಡದಿರುತ್ತದೆ. ನಿಮ್ಮ ಕೆಲಸ ಶುರುವಾಗುವುದು ಅಲ್ಲಿಂದ.

2. ಓದುತ್ತಾ ಪದ ಹಿಡಿಯಿರಿ

ದಿನಕ್ಕೆ ಒಂದು ಇಂಗ್ಲಿಷ್ ಸಂಪಾದಕೀಯ ಓದಿ. ಕಷ್ಟವಾದರೆ ಒಂದು ಉಪಾಯ: ಅದೇ ಸುದ್ದಿಯನ್ನು ಮೊದಲು ಕನ್ನಡದಲ್ಲಿ ಓದಿಕೊಳ್ಳಿ. ಉದಯವಾಣಿಯ ಮುಂಬಯಿ ಆವೃತ್ತಿ ಇದೆ, ಕರ್ನಾಟಕ ಮಲ್ಲ ಇದೆ. ವಿಷಯ ಮೊದಲೇ ಗೊತ್ತಿದ್ದರೆ ಇಂಗ್ಲಿಷ್ ಪದದ ಅರ್ಥ ಅರ್ಧ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಗೊತ್ತಿಲ್ಲದ ಪದ ಬಂದಾಗಲೆಲ್ಲ ನಿಲ್ಲಬೇಡಿ. ಗೆರೆ ಎಳೆದು ಮುಂದೆ ಹೋಗಿ, ಮುಗಿದ ಮೇಲೆ ಐದನ್ನು ಮಾತ್ರ ಆರಿಸಿ. ಐದೇ. ವಾರಕ್ಕೆ ಐದು ದಿನ, ದಿನಕ್ಕೆ ಐದು ಅಂದರೆ 25, ವರ್ಷಕ್ಕೆ ಸಾವಿರದ ಮೇಲಾಯಿತು. ಮೊದಲ ವಾರದ ಹುರುಪಿನಲ್ಲಿ ದಿನಕ್ಕೆ ಮೂವತ್ತು ಬರೆದವರು ಮೂರನೇ ವಾರಕ್ಕೆ ಕಾಣೆಯಾಗಿರುತ್ತಾರೆ. ಹೊಸ ಪದದ ಭಾರಕ್ಕಿಂತ ಹಳೆಯದನ್ನು ಮತ್ತೆ ನೋಡುವ ಭಾರವೇ ಜಾಸ್ತಿ ಅನ್ನುವುದು ಆಗ ಗೊತ್ತಾಗುತ್ತದೆ.

3. ಕಾರ್ಡ್ ಬರೆಯುವುದು

ಇಡೀ ಲೇಖನದಲ್ಲಿ ಇದೊಂದನ್ನೇ ಸರಿಯಾಗಿ ಓದಿದರೂ ಸಾಕು.

ಮುಂದಿನ ಬದಿಯಲ್ಲಿ ಪದವನ್ನು ಒಂಟಿಯಾಗಿ ಬರೆಯಬೇಡಿ. ನೀವು ಓದಿದ ವಾಕ್ಯವನ್ನೇ ಬರೆದು, ಆ ಪದದ ಜಾಗ ಖಾಲಿ ಬಿಟ್ಟು, ಮೊದಲ ಅಕ್ಷರ ಮಾತ್ರ ಕೊಡಿ. ಹಿಂದಿನ ಬದಿಯಲ್ಲಿ ನಾಲ್ಕು ವಿಷಯ: ಪದ, ನಿಮ್ಮ ಮನೆಮಾತಿನ ಅರ್ಥ, ಅದರ ಜೊತೆಗಾರರು, ಮತ್ತು ಹೊಗಳಿಕೆಯೋ ತೆಗಳಿಕೆಯೋ ಅನ್ನುವ ಗುರುತು.

ಮನೆಮಾತಿನ ಅರ್ಥ ಅಂದೆ, ನಿಘಂಟಿನ ಅರ್ಥ ಅನ್ನಲಿಲ್ಲ. ರಿಲಕ್ಟೆಂಟ್ ಅನ್ನುವುದಕ್ಕೆ "ಅನಿಚ್ಛೆಯುಳ್ಳ" ಅಂತ ಬರೆದುಕೊಂಡರೆ ನೀವು ಇನ್ನೊಂದು ಕಷ್ಟದ ಪದ ಕಲಿತಿರಿ, ಅಷ್ಟೇ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಾಗ ಮನೆ ಮಾಲೀಕರು "ನೋಡೋಣ, ನೋಡೋಣ" ಅನ್ನುತ್ತಾರಲ್ಲ, ಆ ಹಿಂದೇಟು ಹಾಕುವುದಿದೆಯಲ್ಲ, ಅದು ರಿಲಕ್ಟೆಂಟ್. ಮೆಟಿಕ್ಯುಲಸ್ ಅಂದರೆ ಎಲ್ಲದರಲ್ಲೂ ಅಚ್ಚುಕಟ್ಟು, ಒಂದು ಚುಕ್ಕಿಯೂ ತಪ್ಪದವರು. ಪ್ರೊಕ್ರಾಸ್ಟಿನೇಟ್ ಅನ್ನುವುದಕ್ಕೆ "ಕಾಲವಿಳಂಬ ಮಾಡು" ಅಂತ ಬರೆಯುವ ಬದಲು "ನಾಳೆ ಮಾಡಿದರಾಯಿತು ಅನ್ನುವುದು" ಅಂತ ಬರೆಯಿರಿ. ಮನೆಯಲ್ಲಿ ತುಳು ಇದ್ದರೆ ತುಳುವಿನಲ್ಲಿ ಬರೆಯಿರಿ, ಕೊಂಕಣಿ ಇದ್ದರೆ ಕೊಂಕಣಿಯಲ್ಲಿ. ಕಾರ್ಡ್ ನಿಮ್ಮದು, ಯಾರೂ ಮಾರ್ಕ್ಸ್ ಹಾಕುವುದಿಲ್ಲ. ಹೀಗೆ ಒಂದು ಮನೆಮಾತು ಸಿಕ್ಕಿದ ಮೇಲೆ, ಸರಿಯೇ ಅಂತ ನೋಡಲು ವಿ. ಕೃಷ್ಣ ಅವರ "ಅಲರ್" ಕನ್ನಡ–ಇಂಗ್ಲಿಷ್ ನಿಘಂಟನ್ನು ಇಂಟರ್ನೆಟ್‌ನಲ್ಲಿ ತೆರೆದು ಆ ಕನ್ನಡ ಪದವನ್ನು ಹುಡುಕಿ. ತಿರುಗಿ ಅದೇ ಇಂಗ್ಲಿಷ್ ಪದವೋ ಅದರ ನೆಂಟನೋ ಬಂದರೆ ದಾರಿ ಸರಿ ಇದೆ.

ಇನ್ನು ಜೊತೆಗಾರರು. ಇಂಗ್ಲಿಷಿನಲ್ಲಿ ಇದಕ್ಕೆ ಕೊಲೊಕೇಷನ್ ಅನ್ನುತ್ತಾರೆ, ಯಾವ ಪದ ಯಾವ ಪದದ ಜೊತೆ ಕೂರುತ್ತದೆ ಅನ್ನುವುದು. ನಾವು ಕನ್ನಡದಲ್ಲಿ ಪರೀಕ್ಷೆ ಬರೆಯುತ್ತೇವೆ, ಹಿಂದಿ ಮರಾಠಿಯವರು ಪರೀಕ್ಷೆ ಕೊಡುತ್ತಾರೆ, ಇಂಗ್ಲಿಷರು ತೆಗೆದುಕೊಳ್ಳುತ್ತಾರೆ. ಇದಕ್ಕೆ ನಿಯಮ ಇಲ್ಲ, ರೂಢಿ ಅಷ್ಟೇ. ಮಳೆಗೆ ಹೆವಿ, ಗಾಳಿಗೆ ಸ್ಟ್ರಾಂಗ್. ಅಪರಾಧದ ಜೊತೆ ಕಮಿಟ್. ರಿಲಕ್ಟೆಂಟ್ ಆದ ಮೇಲೆ ಟು, ಕೇಪಬಲ್ ಆದ ಮೇಲೆ ಆಫ್. ಡಿಸ್ಕಸ್ ಆದ ಮೇಲೆ ಏನೂ ಇಲ್ಲ, ನಾವೆಲ್ಲ ಅಲ್ಲಿ ಸುಮ್ನೆ ಒಂದು ಅಬೌಟ್ ಸಿಕ್ಕಿಸುತ್ತೇವೆ. ಈ ಬಾಲಗಳನ್ನು ಪದದ ಜೊತೆಗೇ ಬರೆದುಕೊಳ್ಳಿ, ಆಮೇಲೆ ಬೇರೆಯಾಗಿ ಕಲಿಯಲು ಆಗುವುದಿಲ್ಲ.

ನಾಲ್ಕನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಮುಖ ಕೆಂಪಾಗುವುದು ಇದರಿಂದಲೇ. ಫ್ರೂಗಲ್, ಸ್ಟಿಂಜಿ ಎರಡೂ ಖರ್ಚು ಮಾಡದವರ ಬಗ್ಗೆ. ಆದರೆ ಫ್ರೂಗಲ್ ಅಂದರೆ ಕೈ ಹಿಡಿತ ಇರುವವರು, ಸ್ಟಿಂಜಿ ಅಂದರೆ ಜುಗ್ಗ. ನಿಮ್ಮ ಮಾವನವರಿಗೆ ಯಾವುದನ್ನು ಅನ್ನಬೇಕು ಅಂತ ಯೋಚಿಸಿ. ನೊಟೋರಿಯಸ್ ಅಂದರೂ ಹೆಸರುವಾಸಿಯೇ, ಕೆಟ್ಟದ್ದಕ್ಕೆ. "ನಮ್ಮ ಹೋಟೆಲು ಮಸಾಲೆ ದೋಸೆಗೆ ನೊಟೋರಿಯಸ್" ಅಂದರೆ ತಿಂದವರು ಆಸ್ಪತ್ರೆ ಸೇರಿದರು ಅಂತ ಅರ್ಥವಾದೀತು. ವಾಟ್ಸಾಪಿನಲ್ಲಿ ಓಡಾಡುವ "ಗುಡ್ ಬದಲು ಈ ಇಪ್ಪತ್ತು ಪದ ಹೇಳಿ" ಎಂಬಂಥ ಪಟ್ಟಿಗಳ ಮೇಲೆ ನನಗೆ ಸಿಟ್ಟು ಇದಕ್ಕೇ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಕಳಿಸುತ್ತಾರೆ.

ಒಂದೇ ಪದಕ್ಕೆ ಎರಡು ಮುಖ ಇದ್ದರೆ ಎರಡು ಕಾರ್ಡ್ ಮಾಡಿ. ಲೋನ್ ಸ್ಯಾಂಕ್ಷನ್ ಆದರೆ ಸಿಹಿ ಹಂಚುತ್ತೇವೆ, ಒಂದು ದೇಶದ ಮೇಲೆ ಸ್ಯಾಂಕ್ಷನ್ಸ್ ಬಂದರೆ ಅದಕ್ಕೆ ದಂಡನೆ, ವ್ಯಾಪಾರ ಬಂದ್. ನೋಡಲು ಒಂದೇ ಥರ ಇರುವ ಜೋಡಿಗಳನ್ನು ಮಾತ್ರ ಒಂದೇ ದಿನ ಕಲಿಯಬೇಡಿ. ಎಮಿನೆಂಟ್ ಅಂದರೆ ಗಣ್ಯ, ಇಮ್ಮಿನೆಂಟ್ ಅಂದರೆ ಇನ್ನೇನು ಆಗಲಿರುವುದು. ಎರಡನ್ನೂ ಒಟ್ಟಿಗೆ ಕಲಿತರೆ ಜೀವಮಾನವಿಡೀ ಅದಲು ಬದಲು ಆಗುತ್ತಿರುತ್ತದೆ. ಒಂದು ಗಟ್ಟಿಯಾಗಲಿ, ಹದಿನೈದು ದಿನ ಬಿಟ್ಟು ಇನ್ನೊಂದು.

4. ಬೇರು ಹಿಡಿಯಿರಿ, ಆದರೆ ಪೂರ್ತಿ ನಂಬಬೇಡಿ

ಸುಗಂಧ, ದುರ್ಗಂಧ, ಸುದಿನ, ದುರ್ದಿನ. ಸು ಬಂದರೆ ಒಳ್ಳೆಯದು, ದುರ್ ಬಂದರೆ ಕೆಟ್ಟದ್ದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಗ್ಲಿಷಿಗೆ ಲ್ಯಾಟಿನ್ನಿನಿಂದ ಬಂದ ಬೆನೆ ಮತ್ತು ಮಾಲ್ ಹಾಗೆಯೇ. ಬೆನೆವೊಲೆಂಟ್ ಒಳ್ಳೆಯದನ್ನು ಬಯಸುವವರು, ಮಲೆವೊಲೆಂಟ್ ಕೆಟ್ಟದ್ದನ್ನು ಬಯಸುವವರು. ಡಾಕ್ಟರು ಗಂಟು ನೋಡಿ ಬಿನೈನ್ ಅಂದರೆ ನಿಟ್ಟುಸಿರು, ಮ್ಯಾಲಿಗ್ನೆಂಟ್ ಅಂದರೆ ಚಿಂತೆ. ಸ್ಪೆಕ್ಟ್ ಅಂದರೆ ನೋಡು: ಇನ್‌ಸ್ಪೆಕ್ಟ್ ಒಳಹೊಕ್ಕು ನೋಡುವುದು, ರೆಟ್ರೊಸ್ಪೆಕ್ಟ್ ಹಿಂತಿರುಗಿ ನೋಡುವುದು. ಸರ್ಕಮ್‌ಸ್ಪೆಕ್ಟ್ ಅಂದರೆ ಸುತ್ತ ನೋಡುವವರು, ನಮ್ಮ ಮಾತಿನಲ್ಲಿ ಹಿಂದೆ ಮುಂದೆ ನೋಡಿ ಹೆಜ್ಜೆ ಇಡುವವರು. ಕ್ರೋನೋಸ್ ಗ್ರೀಕಿನಲ್ಲಿ ಕಾಲ, ಹಾಗಾಗಿ ಕ್ರಾನಿಕ್ ಅಂದರೆ ಬಹಳ ಕಾಲದಿಂದ ಬಿಡದ ಕಾಯಿಲೆ. ಇಂಥ ಮೂವತ್ತು ನಲವತ್ತು ಬೇರುಗಳು ಗೊತ್ತಿದ್ದರೆ ಹೊಸ ಪದ ಅಪರಿಚಿತ ಅನ್ನಿಸುವುದಿಲ್ಲ.

ಮೋಸ ಹೋಗುವ ಜಾಗ: ಇನ್ ಅಂದರೆ ಯಾವಾಗಲೂ "ಅಲ್ಲ" ಅಂತ ಅಲ್ಲ. ಟ್ಯಾಂಕರ್ ಹಿಂದೆ ಇನ್‌ಫ್ಲೇಮಬಲ್ ಅಂತ ಬರೆದಿದ್ದರೆ ಬೆಂಕಿ ಹತ್ತುವುದಿಲ್ಲ ಅಂದುಕೊಂಡು ಪಕ್ಕದಲ್ಲಿ ಬೀಡಿ ಹಚ್ಚಬೇಡಿ, ತಕ್ಷಣ ಹತ್ತಿಕೊಳ್ಳುತ್ತದೆ ಅಂತಲೇ ಅದರ ಅರ್ಥ. ಇನ್‌ವ್ಯಾಲ್ಯುಯಬಲ್ ಅಂದರೆ ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಪೆನಲ್ಟಿಮೇಟ್ ಅನ್ನುವುದನ್ನು ಅಲ್ಟಿಮೇಟ್‌ಗಿಂತ ದೊಡ್ಡದು ಅಂದುಕೊಂಡವರು ಬಹಳ ಜನ. ಅದು ಕೊನೆಯದರ ಹಿಂದಿನದು, ಅಷ್ಟೇ. ಸಿಎಸ್‌ಟಿ ಕಡೆ ಹೋಗುವ ಸ್ಲೋ ಲೋಕಲ್‌ಗೆ ಮಸ್ಜಿದ್ ಪೆನಲ್ಟಿಮೇಟ್ ಸ್ಟೇಷನ್, ಚರ್ಚ್‌ಗೇಟ್ ಕಡೆಯದಕ್ಕೆ ಮರೀನ್ ಲೈನ್ಸ್. ಇನ್ನು ಮರೆಯುವುದಿಲ್ಲ ಬಿಡಿ.

ಹಾಗೆ ನೋಡಿದರೆ ಕೆಲವು ಬೇರುಗಳು ನಮ್ಮ ಕಾಲ ಕೆಳಗೇ ಇವೆ. ಡಂಗರೀಸ್ ಅನ್ನುವ ಉಡುಪಿನ ಹೆಸರು ಮುಂಬಯಿಯ ಡೋಂಗ್ರಿಯದು, ಅಲ್ಲಿನ ಒರಟು ಹತ್ತಿಬಟ್ಟೆಯಿಂದ ಬಂತು. ತಲೆಕೆಟ್ಟವರಿಗೆ ಇಂಗ್ಲಿಷರು ಡೂಲಾಲಿ ಅನ್ನುತ್ತಾರೆ. ಅದು ನಾಸಿಕ್ ಹತ್ತಿರದ ದೇವಳಾಲಿ, ಊರಿಗೆ ಮರಳಲು ಅಲ್ಲಿನ ಸೇನಾ ಶಿಬಿರದಲ್ಲಿ ಕಾದು ಕಾದು ಹುಚ್ಚು ಹಿಡಿದಂತಾದ ಬ್ರಿಟಿಷ್ ಸಿಪಾಯಿಗಳ ಮಾತು.

5. ಉಚ್ಚಾರಣೆ

ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ, ಆ ಅಭ್ಯಾಸ ಇಲ್ಲಿ ಕೈ ಕೊಡುತ್ತದೆ. ಸಟಲ್ (subtle) ಅನ್ನುವಲ್ಲಿ ಬರೆದಿರುವ ಬಿ ಬಾಯಿಗೆ ಬರುವುದಿಲ್ಲ. ಎಪಿಟೋಮ್ ಅಲ್ಲ, ಎಪಿಟಮಿ. ಹೈಪರ್‌ಬೋಲ್ ಅಲ್ಲ, ಹೈಪರ್ಬಲಿ. ಆನ್‌ಲೈನ್ ನಿಘಂಟಿನ ಸ್ಪೀಕರ್ ಗುರುತು ಒತ್ತಿ ಕೇಳಿ, ಮೂರು ಸಲ ಗಟ್ಟಿಯಾಗಿ ಹೇಳಿ, ಕಾರ್ಡಿನಲ್ಲಿ ಕನ್ನಡ ಲಿಪಿಯಲ್ಲೇ ಬರೆದು ಯಾವ ಅಕ್ಷರದ ಮೇಲೆ ಒತ್ತು ಬೀಳುತ್ತದೋ ಅದರ ಕೆಳಗೆ ಗೆರೆ ಎಳೆಯಿರಿ. ರೈಲಿನಲ್ಲಿ ಗಟ್ಟಿಯಾಗಿ ಹೇಳುವುದು ಬೇಡ.

6. ಡಬ್ಬದ ಆಟ

1885ರಲ್ಲಿ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೆಯೇ ಪ್ರಯೋಗ ಮಾಡಿ, ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಸೋರಿಹೋಗುತ್ತದೆ ಅಂತ ತೋರಿಸಿದ. ಸೋರುವ ಮೊದಲೇ ಒಮ್ಮೆ ನೆನಪಿಸಿಕೊಂಡರೆ ಮುಂದಿನ ಸಲ ಇನ್ನೂ ತಡವಾಗಿ ಸೋರುತ್ತದೆ. ಇದನ್ನೇ ಹಿಡಿದು 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಕಾರ್ಡ್ ಡಬ್ಬದ ಉಪಾಯ ಜನರಿಗೆ ಹೇಳಿಕೊಟ್ಟ.

ಮಿಠಾಯಿ ಡಬ್ಬಕ್ಕೆ ರಟ್ಟಿನಿಂದ ಐದು ಖಾನೆ ಮಾಡಿ. ಹೊಸ ಕಾರ್ಡ್ ಒಂದನೇ ಖಾನೆಗೆ, ಅದನ್ನು ದಿನಾ ನೋಡಬೇಕು. ಉತ್ತರ ಸರಿ ಬಂದರೆ ಎರಡನೆಯದಕ್ಕೆ, ಅದನ್ನು ಎರಡು ದಿನಕ್ಕೊಮ್ಮೆ. ಮೂರನೆಯದು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದು ವಾರಕ್ಕೊಮ್ಮೆ, ಐದನೆಯದು ಹದಿನೈದು ದಿನಕ್ಕೊಮ್ಮೆ. ಯಾವ ಖಾನೆಯಲ್ಲಿ ತಪ್ಪಿದರೂ ಕಾರ್ಡ್ ಮತ್ತೆ ಒಂದನೆಯದಕ್ಕೆ, ದಯೆ ದಾಕ್ಷಿಣ್ಯ ಇಲ್ಲ. ಫೋನಿನಲ್ಲೇ ಬೇಕಾದರೆ ಆಂಕಿ ಎಂಬ ಆ್ಯಪ್ ಇದೆ, 2006ರಿಂದ ಇದೆ, ಈ ದಿನಗಳ ಲೆಕ್ಕ ಅದೇ ಇಡುತ್ತದೆ. ಕಂಪ್ಯೂಟರಿಗೂ ಆಂಡ್ರಾಯ್ಡ್‌ಗೂ ಉಚಿತ, ಐಫೋನಿಗೆ ದುಡ್ಡು ಕೊಡಬೇಕು. ಬೇರೆಯವರು ಮಾಡಿಟ್ಟ ಕಾರ್ಡ್‌ಗಳನ್ನು ಅದರಲ್ಲಿ ಇಳಿಸಿಕೊಳ್ಳಬಹುದು, ದಯವಿಟ್ಟು ಬೇಡ. ಅರ್ಧ ಕಲಿಕೆ ಆಗುವುದೇ ಬರೆಯುವಾಗ.

ಎಚ್ಚರಿಕೆ ಒಂದೇ: ಕಾರ್ಡ್ ತಿರುಗಿಸಿ ನೋಡಿ "ಹಾಂ, ಇದು ಗೊತ್ತಿತ್ತು" ಅನ್ನುವುದು ಲೆಕ್ಕಕ್ಕಿಲ್ಲ. ತಿರುಗಿಸುವ ಮೊದಲು ಪದ ಬಾಯಿಗೆ ಬರಬೇಕು.

ಊರಿಗೆ ಹೋಗಿ ಹತ್ತು ದಿನ ಡಬ್ಬ ಮುಟ್ಟಲಿಲ್ಲ ಅಂದರೆ? ಮೊದಲಿನಿಂದ ಶುರು ಮಾಡಬೇಡಿ. ಒಂದು ವಾರ ಹೊಸ ಕಾರ್ಡ್ ನಿಲ್ಲಿಸಿ, ಬಾಕಿ ಇರುವುದನ್ನು ದಿನಕ್ಕೆ ಇಷ್ಟು ಅಂತ ತೀರಿಸಿ.

7. ಬಳಸಿ, ಮೊದಲು ಬರಹದಲ್ಲಿ

ವಾರಕ್ಕೊಮ್ಮೆ ಐದನೇ ಖಾನೆಯಿಂದ ನಾಲ್ಕು ಕಾರ್ಡ್ ತೆಗೆದು ಹತ್ತು ಸಾಲು ಏನಾದರೂ ಬರೆಯಿರಿ. ಸೊಸೈಟಿ ಮೀಟಿಂಗಿನ ಜಗಳದ ಬಗ್ಗೆ ಬರೆದರೂ ಆಯಿತು. ಮಾತಿನಲ್ಲಿ ತುರುಕುವ ಅವಸರ ಬೇಡ, ನಮ್ಮ ಅರ್ಥದ ಅವಸರ. ಆಫೀಸಿನ ಮೇಲ್‌ನಲ್ಲಿ ಯೂಸ್ ಅಂದರೆ ಸಾಕಾದ ಕಡೆ ಯುಟಿಲೈಸ್ ಹಾಕಿದರೆ ಇಂಗ್ಲಿಷ್ ಬಲವಾಗುವುದಿಲ್ಲ, ಭಾರವಾಗುತ್ತದೆ. ಸುಲಭ ಪದ ಆ ಕೆಲಸ ಮಾಡುತ್ತಿಲ್ಲ ಅನ್ನಿಸಿದಾಗ ಮಾತ್ರ ಹೊಸದನ್ನು ತೆಗೆಯಿರಿ.

ಪರೀಕ್ಷೆ ತಲೆ ಮೇಲಿರುವವರಿಗೆ

"ಇದೆಲ್ಲ ಸರಿ ಸರ್, ನನ್ನ ಪರೀಕ್ಷೆಗೆ ಇನ್ನು ಮೂರೇ ವಾರ" ಅನ್ನುವವರು ಇದ್ದೇ ಇರುತ್ತಾರೆ. ಐಇಎಲ್‌ಟಿಎಸ್ ಆದರೆ, ಬರವಣಿಗೆಯಲ್ಲೂ ಮಾತಿನಲ್ಲೂ ಅಂಕದ ನಾಲ್ಕನೇ ಒಂದು ಪಾಲು ಪದಬಳಕೆಗೆ. ಅಲ್ಲಿ ನೋಡುವುದು ಪದ ಎಷ್ಟು ಉದ್ದ ಅಂತಲ್ಲ, ಸರಿಯಾದ ಜಾಗದಲ್ಲಿ ಕೂತಿದೆಯಾ ಅಂತ. ಹಾಗಾಗಿ ಹೊಸ ಪದ ಬಿಡಿ, ಗೊತ್ತಿರುವ ನೂರು ಪದಗಳ ಜೊತೆಗಾರರನ್ನು ಸರಿಮಾಡಿಕೊಳ್ಳಿ. ವಿದೇಶದಲ್ಲಿ ಮೇಲಿನ ಓದಿಗೆ ಬರೆಯುವ ಜಿಆರ್‌ಇ ಆದರೆ ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವ ದಪ್ಪ ಗೈಡ್ ಕೊಳ್ಳುವ ಮೊದಲು ಅಚ್ಚಾದ ವರ್ಷ ನೋಡಿ. ನಿಘಂಟಿಗೆ ನಡೆಯುವ ರಿಯಾಯಿತಿ ಇದಕ್ಕೆ ಇಲ್ಲ. 2011ರಲ್ಲಿ ಆ ಪರೀಕ್ಷೆ ಬದಲಾಗಿ, ವಿರುದ್ಧಪದ ಹೇಳಿ ಅನ್ನುವ ಬಗೆಯ ಪ್ರಶ್ನೆಗಳು ಹೋದವು. ಈಗ ವಾಕ್ಯದ ಖಾಲಿ ಜಾಗ ತುಂಬಬೇಕು, ಅಂದರೆ ನಿಮ್ಮ ಕಾರ್ಡಿನ ಮುಂದಿನ ಬದಿಯಲ್ಲಿ ಇರುವಂಥದ್ದೇ.